ಕೀವಿನಾದ ಕಲ್ಲಲ್ಲಿ ತಾಮ್ರ, ಪಕ್ಕದಲ್ಲೇ ಬೆಳ್ಳಿ

ಅಮೆರಿಕದ ಮಿಶಿಗನ್‌ನಲ್ಲಿರುವ ನಮ್ಮವರು ಬೇಸಿಗೆಯಲ್ಲಿ ಮ್ಯಾಕಿನಾ ಸೇತುವೆ ದಾಟಿದರೆ ಜಲಪಾತ, ಪಿಕ್ಚರ್ಡ್ ರಾಕ್ಸ್ ಅನ್ನೋ ಬಣ್ಣದ ಬಂಡೆಗಳನ್ನು ನೋಡಿ ವಾಪಸಾಗುವುದೇ ಜಾಸ್ತಿ. ಈ ಸಲ ನಾವು ಅಲ್ಲಿಗೇ ನಿಲ್ಲಿಸದೆ, ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡಿರುವ ಕೀವಿನಾ ಪರ್ಯಾಯದ್ವೀಪದ ತುದಿಯವರೆಗೂ ಹೋದೆವು. ಕಾರಣ ಡೆಲವೇರ್ ಅನ್ನೋ ಹಳೇ ತಾಮ್ರದ ಗಣಿ. ದೊಡ್ಡದೇನಲ್ಲ. 1847ರಲ್ಲಿ ಶುರುವಾಗಿ 1887ರಲ್ಲಿ ನಿಂತುಹೋಯಿತು.

ಹೊರಗೆ ಸುಡುವ ಬಿಸಿಲು, ಮೆಟ್ಟಿಲಿಳಿದು ಒಳಗೆ ಹೋದರೆ ಸ್ವೆಟರ್ ಬೇಕು. ಗೋಡೆಗೆ ಟಾರ್ಚ್ ಬಿಟ್ಟೆ. ಅಲ್ಲಲ್ಲಿ ಕೆಂಪಗೆ ಮಿಂಚಿತು. ಅದು ಕರಗಿಸಿ ಲೋಹ ತೆಗೆಯಬೇಕಾದ ಅದಿರಲ್ಲ, ತಾಮ್ರವೇ! ನನಗಂತೂ ಅಲ್ಲಿಂದ ಕದಲುವ ಮನಸ್ಸೇ ಆಗಲಿಲ್ಲ.

ನಮ್ಮ ಚಿತ್ರದುರ್ಗದ ಇಂಗಳದಾಳ್‌ನಲ್ಲೂ ತಾಮ್ರ ತೆಗೆದಿದ್ದಾರೆ. ಆದರೆ ಅಲ್ಲಿ ಅದು ಕಬ್ಬಿಣ, ಗಂಧಕದ ಜೊತೆ ಸೇರಿಕೊಂಡಿರುತ್ತದೆ. ಕೀವಿನಾದಲ್ಲಿ ಯಾಕೆ ಹಾಗಿಲ್ಲ? ಸುಮಾರು 110 ಕೋಟಿ ವರ್ಷಗಳ ಹಿಂದೆ ಇಲ್ಲಿ ಖಂಡವೇ ಸೀಳತೊಡಗಿತ್ತು. ಆ ಬಿರುಕಿನಿಂದ ಲಾವಾ ಉಕ್ಕಿ, ಪದರದ ಮೇಲೆ ಪದರವಾಗಿ ನೆಲದ ಮೇಲೆ ಹರಡಿತು. ಲಾವಾದಲ್ಲಿದ್ದ ಗಂಧಕ ಬಹುಪಾಲು ಅನಿಲವಾಗಿ ಗಾಳಿಗೆ ಹೋಯಿತು ಅಂತಾರೆ ಭೂವಿಜ್ಞಾನಿಗಳು. ಅನಿಲ ಹೊರಟ ಕಡೆ ಪ್ರತಿ ಪದರದ ಮೇಲ್ಭಾಗದಲ್ಲಿ ಸೆಟ್ ದೋಸೆಯ ಮೇಲಿರುವ ಹಾಗೆ ತೂತುಗಳು ಉಳಿದವು. ಆಮೇಲೆ ಕೋಟ್ಯಂತರ ವರ್ಷ ಕಳೆದು, ಆಳದ ಬಸಾಲ್ಟಿನಿಂದ (ಲಾವಾ ಗಟ್ಟಿಯಾಗಿ ಆದ ಕಪ್ಪು ಕಲ್ಲು) ತಾಮ್ರವನ್ನು ಕರಗಿಸಿಕೊಂಡ ಬಿಸಿನೀರು ಮೇಲೇರಿ ಬಂದು ಈ ತೂತುಗಳಲ್ಲಿ, ಬಿರುಕುಗಳಲ್ಲಿ, ಲಾವಾದ ನಡುವಿನ ಜಲ್ಲಿಕಲ್ಲಿನ ಪದರಗಳಲ್ಲಿ ತಾಮ್ರವನ್ನು ಬಿಟ್ಟುಹೋಯಿತು. ಕೂಡಿಕೊಳ್ಳಲು ಗಂಧಕವೇ ಸಾಕಷ್ಟು ಇಲ್ಲ, ಹಾಗಾಗಿ ಲೋಹವಾಗಿಯೇ ಉಳಿಯಿತು. ಕಲಬುರಗಿ, ವಿಜಯಪುರ ಕಡೆಯ ಕಪ್ಪು ಕಲ್ಲಲ್ಲೂ ಇಂಥ ತೂತುಗಳಿವೆ, ಅವುಗಳಲ್ಲಿ ಬಿಳಿ ಹರಳು ಕೂತಿರುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಸುಪೀರಿಯರ್ ಸುತ್ತಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆಯೇ ಈ ತಾಮ್ರವನ್ನು ಕುಲುಮೆಯಲ್ಲಿ ಕರಗಿಸದೆ, ಬಡಿದು ಬಡಿದೇ ಚಾಕು, ದಬ್ಬಳ ಮಾಡಿಕೊಂಡಿದ್ದರು. ಆಮೇಲೆ ಬಂದ ಗಣಿಗಾರರಿಗೆ ಬೇರೆಯದೇ ಪಾಡು. 1845ರಲ್ಲಿ ಶುರುವಾದ ಕ್ಲಿಫ್ ಗಣಿಯಲ್ಲಿ ಒಂದೊಂದೂ ಟನ್‌ಗಟ್ಟಲೆ ತೂಗುವ ತಾಮ್ರದ ಗಟ್ಟಿಗಳು ಸಿಗುತ್ತಿದ್ದವು. ಕಲ್ಲಾದರೆ ಸಿಡಿಮದ್ದು ಇಟ್ಟರೆ ಒಡೆಯುತ್ತದೆ. ತಾಮ್ರ ಎಲ್ಲಿ ಒಡೆಯುತ್ತೆ? ಉಳಿ, ಸುತ್ತಿಗೆ ಹಿಡಿದು ಕತ್ತಲಲ್ಲಿ ಕೂತು ಕತ್ತರಿಸಬೇಕು. ಆ ಕೈಗಳನ್ನು ನೆನೆದರೆ ನಿಜಕ್ಕೂ ಕೈಮುಗಿಯಬೇಕು ಅನ್ನಿಸುತ್ತದೆ.

ಬೆಳ್ಳಿ ನೋಡಿದ್ದು ಹೋಟನ್ ಊರಿನ ಸೀಮನ್ ಖನಿಜ ಮ್ಯೂಸಿಯಂನಲ್ಲಿ. ಒಂದೇ ತುಂಡಿನಲ್ಲಿ ಒಂದು ಕಡೆ ಕೆಂಪು ತಾಮ್ರ, ಅದಕ್ಕೆ ಅಂಟಿಕೊಂಡೇ ಬಿಳಿ ಬೆಳ್ಳಿ, ಮಧ್ಯೆ ಗೆರೆ ಎಳೆದಷ್ಟು ಸ್ಪಷ್ಟ. ಅಕ್ಕಸಾಲಿಗರು ಕುಲುಮೆಯಲ್ಲಿ ಎರಡನ್ನೂ ಕರಗಿಸಿ ಬೆರೆಸುತ್ತಾರೆ. ಇಲ್ಲಿ ಅವು ಕರಗುವಷ್ಟು ಕಾವು ಇರಲೇ ಇಲ್ಲ. ಬಿಸಿನೀರಿನಿಂದ ಬಂದು ಕೂತಿದ್ದು, ಆ ಕಾವಿನಲ್ಲಿ ಈ ಎರಡು ಲೋಹ ಬೆರೆಯುವುದಿಲ್ಲ. ಬೆಳ್ಳಿ ತಾಮ್ರಕ್ಕಿಂತ ತೀರಾ ಕಡಿಮೆ, ಆದರೂ ಇಡೀ ಮ್ಯೂಸಿಯಂನಲ್ಲಿ ನಾನು ಜಾಸ್ತಿ ಹೊತ್ತು ನಿಂತಿದ್ದು ಅದರ ಮುಂದೆಯೇ.

ಹೋಗುವುದಾದರೆ ಮೊದಲು ಈ ಮ್ಯೂಸಿಯಂ ನೋಡಿ. ಆಮೇಲೆ ಗಣಿಯ ಗೋಡೆಯಲ್ಲಿ ಏನು ಹುಡುಕಬೇಕು ಅನ್ನೋದು ಗೊತ್ತಾಗುತ್ತದೆ. ಹಿಮ ವಿಪರೀತ ಬೀಳುವ ಜಾಗ, ಜೂನ್ ಆದಮೇಲೆ ಹೊರಡಿ.