ಬಿಸಿಲನ್ನು ಸೋಸುವ ಗುಮ್ಮಟ

ದುಬೈ ಬಿಟ್ಟು ಒಂದೂವರೆ ಗಂಟೆಯಲ್ಲಿ ಅಬುಧಾಬಿಯ ಸಾದಿಯಾತ್ ದ್ವೀಪ ತಲುಪಿದೆವು. ಲೂವ್ರ್ ಅಬುಧಾಬಿ ವಸ್ತುಸಂಗ್ರಹಾಲಯದ ಗುಮ್ಮಟ ದೂರಕ್ಕೆ ಅಷ್ಟೇನೂ ಎತ್ತರವಾಗಿ ಕಾಣುವುದಿಲ್ಲ. ಅದರ ಕೆಳಗೆ ಹೋಗಿ ತಲೆ ಎತ್ತಬೇಕು.

ಫ್ರಾನ್ಸಿನ ವಾಸ್ತುಶಿಲ್ಪಿ ಜೀನ್ ನೂವೆಲ್ ವಿನ್ಯಾಸಗೊಳಿಸಿದ ಈ ಕಟ್ಟಡ 2017ರ ನವೆಂಬರ್‌ನಲ್ಲಿ ತೆರೆಯಿತು. ಗುಮ್ಮಟದ ಅಡ್ಡಗಲ 180 ಮೀಟರ್, ತೂಕ ಸುಮಾರು 7,500 ಟನ್. ಅಷ್ಟನ್ನೂ ಹೊತ್ತಿರುವುದು ಕಟ್ಟಡಗಳ ಮರೆಯಲ್ಲಿರುವ ನಾಲ್ಕೇ ಆಧಾರಗಳು. ನೋಡುವವರಿಗೆ ಕಂಬವೇ ಕಾಣದು. ಉಕ್ಕು ಮತ್ತು ಅಲ್ಯೂಮಿನಿಯಂನ ಎಂಟು ಪದರಗಳು, ಅವುಗಳಲ್ಲಿ 7,850 ನಕ್ಷತ್ರಾಕಾರಗಳು. ಒಂದು ಪದರದ ಕಿಂಡಿಯಲ್ಲಿ ನುಸುಳಿದ ಕಿರಣವನ್ನು ಮುಂದಿನ ಪದರ ತಡೆಯುತ್ತದೆ, ಇನ್ನೊಂದು ಬಿಡುತ್ತದೆ. ಕೊನೆಗೆ ನೆಲಕ್ಕೆ ಬೀಳುವುದು ಬರೀ ಚುಕ್ಕೆಗಳು. ಸೂರ್ಯ ಸರಿದಂತೆ ಅವೂ ಗೋಡೆಯಿಂದ ನೆಲಕ್ಕೆ, ನೆಲದಿಂದ ನಮ್ಮ ಮೈಮೇಲಕ್ಕೆ ಸರಿಯುತ್ತವೆ. ಖರ್ಜೂರದ ಗರಿಗಳ ನಡುವಿನಿಂದ ಬರುವ ಬೆಳಕು ನೂವೆಲ್‌ಗೆ ಪ್ರೇರಣೆಯಂತೆ. ನನಗೆ ಕಂಡದ್ದು ಮಾತ್ರ ಮಲೆನಾಡಿನ ಅಡಿಕೆ ಸೋಗೆಯ ಚಪ್ಪರ. ಹೊರಗೆ ಸುಡುವ ಬಿಸಿಲು, ಒಳಗೆ ಮೆಟ್ಟಿಲವರೆಗೂ ಬಂದ ಸಮುದ್ರದ ನೀರು, ಗಾಳಿ. ಈ ಮರಳುನಾಡಿನಲ್ಲಿ ನೆರಳಿಗಿಂತ ದೊಡ್ಡ ಕಲಾಕೃತಿ ಬೇರೆ ಬೇಕೇ ಅನ್ನಿಸಿತು.

ಆ ನೆರಳನ್ನು ಕಟ್ಟಿದವರು ಬಿಸಿಲಲ್ಲಿ ದುಡಿದವರು. ದಕ್ಷಿಣ ಏಷ್ಯಾದಿಂದ ಬಂದ ಕಾರ್ಮಿಕರು ಈ ದ್ವೀಪದಲ್ಲಿ ಅನುಭವಿಸಿದ ಕಷ್ಟದ ಬಗ್ಗೆ ಮಾನವ ಹಕ್ಕು ಸಂಘಟನೆಗಳು ವರ್ಷಗಟ್ಟಲೆ ದನಿ ಎತ್ತಿದ್ದವು. ಗುಮ್ಮಟವನ್ನು ಹೊಗಳುವಾಗ ಇದನ್ನು ಬಿಟ್ಟು ಹೊಗಳಲು ನನಗೆ ಮನಸ್ಸಿಲ್ಲ.

ಗ್ಯಾಲರಿಗಳಲ್ಲಿ ದೇಶವಾರು ಕೋಣೆಗಳಿಲ್ಲ, ಕಾಲದ ಸಾಲಿನಲ್ಲಿ ಎಲ್ಲ ನಾಡುಗಳೂ ಬೆರೆತಿವೆ. ಶುರುವಿನಲ್ಲೇ ಮೂವರು ತಾಯಂದಿರು ಅಕ್ಕಪಕ್ಕ ಇದ್ದಾರೆ: ಮಗು ಹೋರಸ್‌ಗೆ ಹಾಲೂಡಿಸುವ ಈಜಿಪ್ಟಿನ ದೇವತೆ ಐಸಿಸ್, ಫ್ರಾನ್ಸಿನ ದಂತದ ಮೇರಿ, ಕಾಂಗೋದ ಮರದ ತಾಯಿ. ಮಗುವನ್ನು ಹಿಡಿದ ಕೈಗಳನ್ನೇ ನೋಡುತ್ತ ಅಲ್ಲಿ ತುಂಬ ಹೊತ್ತು ನಿಂತೆ. ಮುಂದೆ ಚೋಳರ ಕಾಲದ ಕಂಚಿನ ಶಿವ ಕುಣಿಯುತ್ತಿದ್ದ. ಆಧುನಿಕ ಕಲೆಯ ಕೋಣೆಗಳನ್ನು ಬೇಗ ದಾಟಿದೆ, ಮನಸ್ಸೆಲ್ಲ ಹೊರಗಿನ ಬೆಳಕಿನ ಮೇಲಿತ್ತು.

ಗುಮ್ಮಟದಡಿ ಇಟಲಿಯ ಕಲಾವಿದ ಜ್ಯುಸೆಪ್ಪೆ ಪೆನೋನೆ ರಚಿಸಿದ ಕಂಚಿನ ಮರವೊಂದಿದೆ. ಕೊಂಬೆಗಳಲ್ಲಿ ಸಿಕ್ಕಿಸಿದ ಕನ್ನಡಿಗಳು ಮೇಲಿನ ಚುಕ್ಕೆಗಳನ್ನು ಮತ್ತೆ ಚದುರಿಸುತ್ತವೆ. ಹೋಗುವವರು ಸೂರ್ಯ ನೆತ್ತಿಯ ಮೇಲಿರುವಾಗ ಅಲ್ಲಿರಿ, ಗ್ಯಾಲರಿಗಳನ್ನು ಆಮೇಲೆ ನೋಡಬಹುದು. ಸೋಮವಾರ ರಜೆ.