ಎಳೆಗಳೆಲ್ಲ ದಾವಣಗೆರೆ ಕಡೆಗೇ

ಎಂ.ಎಸ್ಸಿ. ಪ್ರಾಜೆಕ್ಟ್ ವೈವಾದ ಆ ಐದು ನಿಮಿಷ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾನು ದಾವಣಗೆರೆಯಲ್ಲಿ ಫಿಸಿಕ್ಸ್ ಗೆಸ್ಟ್ ಲೆಕ್ಚರರ್. ನಾನು ಗೈಡ್ ಮಾಡಿದ ಹುಡುಗಿಯ ವಿಷಯ ಕಾಸ್ಮಿಕ್ ವೆಬ್, ಅಂದರೆ ವಿಶ್ವದಲ್ಲಿ ಗ್ಯಾಲಕ್ಸಿಗಳು ಸೇರಿ ಆಗಿರುವ ಜೇಡರ ಬಲೆ: ಅದರ ಎಳೆಗಳ, ಅಂದರೆ ಫಿಲಮೆಂಟ್‌ಗಳ, ಹತ್ತಿರದ ಗ್ಯಾಲಕ್ಸಿಗಳು ಜಾಸ್ತಿ ಕೆಂಪಗಿರುತ್ತವಾ ಅಂತ. ಗ್ಯಾಲಕ್ಸಿಗಳನ್ನು ಅಳೆದಿಟ್ಟ ಎಸ್‌ಡಿಎಸ್‌ಎಸ್ ಎಂಬ ಆಕಾಶ ಸರ್ವೆಯ ಡೇಟಾ ಪುಕ್ಕಟೆ, ಎಳೆ ಹುಡುಕುವ ಕೋಡ್ ಪುಕ್ಕಟೆ. ಲ್ಯಾಬಿಗೆ ನೆಟ್ ಮತ್ತು ನನಗೆ ತಿಂಗಳಿಗೆ ಸರಿಯಾಗಿ ಸಂಬಳ, ಇವೆರಡೇ ಸಿಗದಿರುವುದು. ಅದಿರಲಿ.

ಸಬ್ಮಿಷನ್‌ಗೆ ಹತ್ತು ದಿನ ಇದ್ದಾಗ ಪ್ಲಾಟ್ ಬಂತು. ಫಿಲಮೆಂಟ್ ತುಂಬಾ ಕೆಂಪು ಗ್ಯಾಲಕ್ಸಿಗಳು! ಅವಳು ಮಾತ್ರ, "ಸರ್, ಉದ್ದನೆ ಎಳೆಗಳೆಲ್ಲ ನಮ್ ಕಡೇನೇ ಮುಖ ಮಾಡ್ಯಾವಲ್ಲ, ಯಾಕೆ?" ಎಂದಳು. "ಸುಮ್ನೆ ಹಂಗೆ ಕಾಣುತ್ತಮ್ಮ, ಬೈಂಡಿಂಗಿಗೆ ಕೊಡು" ಎಂದೆ.

ವೈವಾದಲ್ಲಿ ಎಕ್ಸ್‌ಟರ್ನಲ್, ಅಂದರೆ ಹೊರಗಿನಿಂದ ಬಂದ ಪರೀಕ್ಷಕರು, ಅದೇ ಪುಟದಲ್ಲಿ ನಿಂತರು. ಪೆನ್ಸಿಲ್ ತಗೊಂಡು ಕೋಮಾ ಕ್ಲಸ್ಟರ್ ಎಂಬ ಗ್ಯಾಲಕ್ಸಿ ಗುಂಪಿನ ಎಳೆಯಿಂದ ಕೆಳಗೆ, ನಾವಿರುವ ಮೂಲೆವರೆಗೆ, ನಿಧಾನವಾಗಿ ಗೀಟು ಎಳೆದರು. ಆಮೇಲೆ ಇನ್ನೊಂದು ಎಳೆಯಿಂದ. ಇನ್ನೊಂದರಿಂದ. ಎಲ್ಲಾ ಒಂದೇ ಕಡೆ ಬಂದು ಸೇರಿದವು. "ಏನ್ ಸಾರ್, ವಿಶ್ವಕ್ಕೆ ದಾವಣಗೆರೆ ಅಡ್ರೆಸ್ ಕೊಟ್ಟವರು ಯಾರು?"

ಆಗ ಹೊಳೆಯಿತು. ಫಿಂಗರ್ಸ್ ಆಫ್ ಗಾಡ್! ಅದನ್ನು ನಾನೇ ಕ್ಲಾಸಿನಲ್ಲಿ ಪಾಠ ಮಾಡಿದ್ದೇನೆ. ಕ್ಲಸ್ಟರ್ ಒಳಗೆ ಗ್ಯಾಲಕ್ಸಿಗಳು ಸೆಕೆಂಡಿಗೆ ಸುಮಾರು 1000 ಕಿ.ಮೀ. ವೇಗದಲ್ಲಿ ಅತ್ತಿತ್ತ ಓಡಾಡುತ್ತಿರುತ್ತವೆ, ನಾವು ರೆಡ್‌ಶಿಫ್ಟ್ (ದೂರ ಓಡುವ ಗ್ಯಾಲಕ್ಸಿಯ ಬೆಳಕು ಕೆಂಪಿನ ಕಡೆ ಸರಿಯುವುದು) ನೋಡಿ ದೂರ ಲೆಕ್ಕ ಹಾಕುವವರು, ಹಾಗಾಗಿ ಆ ಓಡಾಟವೂ ದೂರದ ಲೆಕ್ಕಕ್ಕೇ ಸೇರಿಬಿಡುತ್ತದೆ. ಸುಮಾರು 30 ಕೋಟಿ ಜ್ಯೋತಿರ್ವರ್ಷ ಆಚೆಗಿರುವ ದುಂಡನೆಯ ಕೋಮಾ ನಮ್ಮ ಕಡೆ ಚಾಚಿದ ಕೋಲಾಗುತ್ತದೆ. ಕೋಡ್ ಪಾಪ, ಕೋಲು ಕಂಡ ಕಡೆಯೆಲ್ಲ ಫಿಲಮೆಂಟ್ ಅಂದಿದೆ.

ಕೆಂಪು ಬಣ್ಣದ ಗುಟ್ಟೂ ಅದೇ. ಕ್ಲಸ್ಟರ್ ಒಳಗೆ ಹೊಸ ನಕ್ಷತ್ರ ಹುಟ್ಟಿಸಲು ಗ್ಯಾಸ್ ಉಳಿಯದೆ ಕೆಂಪಗೆ ಕಾಣುವ, ಮೊಟ್ಟೆಯಾಕಾರದ ಹಳೆ ಎಲಿಪ್ಟಿಕಲ್ ಗ್ಯಾಲಕ್ಸಿಗಳೇ ಜಾಸ್ತಿ. ಸಂದಣಿ ಹೆಚ್ಚಿದಷ್ಟೂ ಸುರುಳಿಯಾಕಾರದ ಸ್ಪೈರಲ್ ಗ್ಯಾಲಕ್ಸಿ ಕಮ್ಮಿ ಎಂದು ಖಗೋಳವಿಜ್ಞಾನಿ ಡ್ರೆಸ್ಲರ್ 1980ರಲ್ಲೇ 55 ಕ್ಲಸ್ಟರ್ ನೋಡಿ ತೋರಿಸಿದ್ದರು. ಅದನ್ನೇ ನಾವು ಫಿಲಮೆಂಟ್ ಹೆಸರಲ್ಲಿ ಮತ್ತೆ ಕಂಡುಹಿಡಿದಿದ್ದೆವು.

"ಟೈಮ್ ಸಾಲಲಿಲ್ಲ ಸಾರ್" ಎಂದೆ. ಹುಡುಗಿ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಹತ್ತು ದಿನ ಮುಂಚೆಯೇ ಅವಳು ಕೇಳಿದ್ದಳು ಎಂದು ಎಕ್ಸ್‌ಟರ್ನಲ್‌ಗೆ ಹೇಳಬೇಕಾದವನು ನಾನು. ಹೇಳಿದೆ, ಅವರು ಎದ್ದು ಟೀ ಕುಡಿಯಲು ಹೊರಟಾಗ.

ಆಮೇಲೆ ಭಾನುವಾರಗಳಲ್ಲಿ ಕೂತು ಆ ಕೋಲುಗಳನ್ನು ಮತ್ತೆ ಗುಂಡಗೆ ಮಾಡಿದೆವು. ಫಿಲಮೆಂಟ್ ಹತ್ತಿರ ಭಾರದ ಗ್ಯಾಲಕ್ಸಿ ಜಾಸ್ತಿ, ಭಾರದವು ಹೇಗಿದ್ದರೂ ಕೆಂಪೇ, ಅದಕ್ಕೆ ಒಂದೇ ಮಾಸ್ ಇರುವವನ್ನೇ ಹೋಲಿಸಿದೆವು. ವ್ಯತ್ಯಾಸ ಉಳಿಯಿತು, ತೆಳ್ಳಗೆ. ಎರಡನೇ ಬೈಂಡಿಂಗ್ ದುಡ್ಡು ಕೊಡಲು ಹೋದರೆ ಬೇಡ ಸರ್ ಎಂದಳು. ಬೆಣ್ಣೆ ದೋಸೆಗೆ ಮಾತ್ರ ಬೇಡ ಅನ್ನಲಿಲ್ಲ, ಮೂರು ತಿಂದಳು.