ಅಜ್ಜಿ ಇಟ್ಟ ಹೆಸರಿನ ಕಾಗದಗಳು

ಹೋದ ಮಳೆಗಾಲದಲ್ಲಿ ಸಕಲೇಶಪುರದ ಮನೆ ಬೀರು ತೆಗ್ದಾಗ ನನ್ನ ಹೆಸರು ಬದಲಾವಣೆ ಫೈಲ್ ಮೇಲೆ ಬೂಷ್ಟು ಹತ್ತಿತ್ತು. ಪ್ಲಾಸ್ಟಿಕ್ ಕವರಲ್ಲಿ ಹಾಕಿ ಗೋಡೆಗೆ ಒತ್ತಿ ಇಟ್ಟಿದ್ದೆ, ನಮ್ಮ ಕಡೆ ಜೂನಿಂದ ಗೋಡೆನೇ ಬೆವರುತ್ತೆ, ಅಫಿಡವಿಟ್ಟು ಪೇಪರ್ ಕಟಿಂಗು ಎಲ್ಲಾ ಒಂದಕ್ಕೊಂದು ಅಂಟ್ಕೊಂಡು ನೋಟರಿ ಸೀಲಿನ ಇಂಕು ಹರಡಿಬಿಟ್ಟಿತ್ತು. ಕೂತು ಅತ್ತೆ ನಿಜವಾಗ್ಲೂ.

ಅಜ್ಜಿ ಇಟ್ಟಿದ್ದು ಒಂದು ಹೆಸರು, ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರ್ಕೊಂಡಿದ್ದು ಇನ್ನೊಂದು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೂ ಅದೇ ಹೋಯ್ತು. 2017ರಲ್ಲಿ ಅಫಿಡವಿಟ್ ಮಾಡ್ಸಿ, ಒಂದು ಕನ್ನಡ ಒಂದು ಇಂಗ್ಲಿಷ್ ಪೇಪರಲ್ಲಿ ಜಾಹೀರಾತು ಕೊಟ್ಟು, ಸರ್ಕಾರ ತನ್ನ ಅಧಿಕೃತ ಪ್ರಕಟಣೆ ಹಾಕೋ ಪತ್ರಿಕೆ ಅಂದ್ರೆ ಕೇಂದ್ರದ ಗೆಜೆಟ್‌ನಲ್ಲಿ ಹಾಕ್ಸಿ ಅಜ್ಜಿ ಇಟ್ಟ ಹೆಸರನ್ನೇ ವಾಪಸ್ ತಗೊಂಡೆ. ಮಾರ್ಕ್ಸ್ ಕಾರ್ಡಲ್ಲಿ ಇವತ್ತಿಗೂ ಹಳೇ ಹೆಸರೇ ಇದೆ, ಹಾಗಾಗಿ ಲೋನ್, ಪಾಸ್‌ಪೋರ್ಟ್ ಅಂತ ಎಲ್ಲಿಗೆ ಹೋದ್ರೂ ಆ ಹುಡುಗಿನೂ ನಾನೂ ಒಬ್ಬಳೇ ಅಂತ ತೋರ್ಸೋಕೆ ಇದೇ ಫೈಲ್ ಬೇಕು.

ಹಾಸನದ ಕೋರ್ಟ್ ಹತ್ರ ಒಬ್ರು ನೋಟರಿ, ನನ್ನ ಕಾಗದ ನೋಡಿ, "ಅಳ್ಬೇಡಮ್ಮ, ಗೆಜೆಟ್ ಎಲ್ಲಿ ಹೋಗುತ್ತೆ" ಅಂದ್ರು. 2015ರ ಅಕ್ಟೋಬರ್ 1ರಿಂದ ಕೇಂದ್ರದ ಗೆಜೆಟ್ ಪ್ರಿಂಟೇ ಆಗಲ್ಲ, ಇ-ಗೆಜೆಟ್ ವೆಬ್‌ಸೈಟಲ್ಲೇ ಇರುತ್ತೆ, ಡೌನ್‌ಲೋಡ್‌ಗೆ ದುಡ್ಡಿಲ್ಲ. ಹೆಸರು ಬದಲಾವಣೆ ಬರೋದು ವಾರದ ಗೆಜೆಟ್‌ನ ನಾಲ್ಕನೇ ಭಾಗದಲ್ಲಿ, ಶನಿವಾರ. ನನಗೆ ತಾರೀಖು ನೆನಪಿರ್ಲಿಲ್ಲ, ಒಂದೊಂದೇ ಶನಿವಾರದ ಪಿಡಿಎಫ್ ತೆಗ್ದು ನೂರಾರು ಜನರ ಹೆಸರು ದಾಟ್ಕೊಂಡು ಹೋದೆ, ರಾತ್ರಿ ಹನ್ನೊಂದೂವರೆಗೆ ನನ್ನ ಹೆಸರು ಸಿಕ್ತು.

ಅಫಿಡವಿಟ್ ಹೊಸದು ಮಾಡ್ಸಿದೆ, ಹಳೇದು ಹಾಳಾಗಿದೆ, ಎರಡೂ ಹೆಸರು ಒಬ್ಬಳದ್ದೇ ಅಂತ ಬರ್ಸಿ. ನೋಟರಿಗಳು ರಿಜಿಸ್ಟರ್ ಇಡ್ಲೇಬೇಕು, ಹಳೇ ಕಾಗದದ ಸೀರಿಯಲ್ ನಂಬರ್ ಅರ್ಧ ಕಾಣ್ತಿತ್ತು, ರಿಜಿಸ್ಟರಲ್ಲಿ ಹುಡುಕೋಕೆ ಅದೂ ಉಪಯೋಗಕ್ಕೆ ಬಂತು. ಅದಕ್ಕೇ ಹೇಳ್ತೀನಿ, ಹಾಳಾದ ಕಾಗದ ಬಿಸಾಕ್ಬೇಡಿ. ಪೇಪರ್ ಜಾಹೀರಾತಿಗೆ ಆಫೀಸಿನ ಹಳೇ ಕಟ್ಟು ಹುಡುಕ್ಸಿ ಜೆರಾಕ್ಸ್ ತಗೊಂಡೆ. ಪೂರ್ತಿ ಕಳ್ದೇ ಹೋಗಿದ್ರೆ ಮೊದ್ಲು, ಕಳ್ದುಹೋದದ್ದನ್ನ ಆನ್‌ಲೈನಲ್ಲೇ ತಿಳಿಸೋ ಕರ್ನಾಟಕ ಪೊಲೀಸರ ಇ-ಲಾಸ್ಟ್‌ನಲ್ಲಿ ದಾಖಲು ಮಾಡಿ ಆ ರಸೀದಿ ಇಟ್ಕೊಳ್ಳಿ.

ಲ್ಯಾಮಿನೇಷನ್ ಮಾತ್ರ ಬೇಡ ಕಣ್ರೀ, ಒಳಗೆ ಪಸೆ ಸೇರಿದ್ರೆ ಬಿಡ್ಸೋಕೇ ಆಗಲ್ಲ, ಮೇಲೆ ಸೀಲ್ ಹೊಡೆಯೋಕೂ ಆಗಲ್ಲ. ಡಿಜಿಲಾಕರಲ್ಲಿ ನಾವೇ ಅಪ್‌ಲೋಡ್ ಮಾಡಿದ ಸ್ಕ್ಯಾನು ಬರೀ ಕಾಪಿ, ಇಲಾಖೆಯಿಂದ ನೇರ ಬಂದ ದಾಖಲೆಯ ಬೆಲೆ ಅದಕ್ಕಿಲ್ಲ, ಆದ್ರೂ ಹಾಕಿಡಿ. ಆಧಾರಲ್ಲಿ ಹೆಸರು ತಿದ್ದೋಕೆ ಎರಡೇ ಸಲ ಅವಕಾಶ, ಗೆಜೆಟ್‌ನಲ್ಲಿರೋ ಸ್ಪೆಲ್ಲಿಂಗನ್ನೇ ಅಕ್ಷರ ಅಕ್ಷರ ನೋಡಿ ಕೊಡಿ.

ಈಗ ಒಂದು ಸೆಟ್ ಹಾಸನದ ಅಕ್ಕನ ಮನೇಲಿದೆ, ಅಲ್ಲಿ ಇಷ್ಟು ಥಂಡಿ ಇಲ್ಲ. ಇನ್ನೊಂದು ಇಲ್ಲೇ, ಸ್ಟೀಲ್ ಡಬ್ಬೀಲಿ, ಶೂ ಬಾಕ್ಸಲ್ಲಿ ಬರುತ್ತಲ್ಲ ಸಿಲಿಕಾ ಪೊಟ್ಟಣ, ಅದರ ಜೊತೆ. ಗೆಜೆಟ್ ತಾರೀಖು, ಪುಟದ ನಂಬರ್ ಮಾತ್ರ ಅಜ್ಜಿ ಫೋಟೋದ ಹಿಂದೆ ಪೆನ್ಸಿಲಲ್ಲಿ ಬರ್ದಿಟ್ಟಿದ್ದೀನಿ.